ದಹನ ಕುಲುಮೆಯ ಬೂದಿ ಮತ್ತು ಭಾರ ಲೋಹಗಳ ಬಸಿಯುವಿಕೆ: ಲಕ್ಕೂರು ಹೋಬಳಿಯ ಸಾರ್ವಜನಿಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕು ಇಟ್ಟಿಗೆ ಮತ್ತು ಹೆಂಚಿನ ತಯಾರಿಕೆಗೆ ಹೆಸರಾಗಿದ್ದು, ಲಕ್ಕೂರು ಈ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾಗಿರುತ್ತದೆ. ಇಲ್ಲಿ ಬೂದಿ ಎಂಬುದು ಹೊಸ ವಸ್ತುವಲ್ಲ. ಒಲೆಯ ಬೂದಿಯನ್ನು ತಿಪ್ಪೆಗೆ ಹಾಕುವುದು, ತರಕಾರಿ ಮಡಿಗಳಿಗೆ ಎರಚುವುದು, ಪಾತ್ರೆ ಬೆಳಗುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಆದರೆ ಆಸ್ಪತ್ರೆಯ ತ್ಯಾಜ್ಯ, ಕೈಗಾರಿಕಾ ತ್ಯಾಜ್ಯ ಅಥವಾ ನಗರದ ಕಸವನ್ನು ಸುಡುವ ದಹನ ಕುಲುಮೆಯಿಂದ, ಅಂದರೆ ಸಾಮಾನ್ಯವಾಗಿ ಇನ್ಸಿನರೇಟರ್ ಎಂದು ಕರೆಯಲಾಗುವ ಘಟಕದಿಂದ, ಹೊರಬರುವ ಬೂದಿಯು ಒಲೆಯ ಬೂದಿಯಂತೆ ಕಂಡರೂ ಗುಣದಲ್ಲಿ ಬೇರೆಯೇ ಆಗಿರುತ್ತದೆ. ಅದರಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ ಮುಂತಾದ ಭಾರ ಲೋಹಗಳು ಇರಬಹುದಾಗಿದ್ದು, ಮಳೆನೀರು ತಾಗಿದಾಗ ಅವು ಕರಗಿ ನೆಲದೊಳಕ್ಕೆ ಬಸಿಯುವ ಸಾಧ್ಯತೆ ಇರುತ್ತದೆ.

ಈ ಪುಟವು ಅಂತಹ ಬೂದಿಯನ್ನು ಹೇಗೆ ಸಂಸ್ಕರಿಸಲಾಗುತ್ತದೆ, ಯಾವ ಪರೀಕ್ಷೆಗೆ ಒಳಪಡಿಸಲಾಗುತ್ತದೆ ಹಾಗೂ ಅದನ್ನು ಉತ್ಪಾದಿಸುವ, ಸಾಗಿಸುವ ಅಥವಾ ಬಳಸಲು ಇಚ್ಛಿಸುವವರು ಯಾವ ಅನುಮತಿಗಳನ್ನು ಪಡೆಯತಕ್ಕದ್ದು ಎಂಬುದನ್ನು ವಿವರಿಸುತ್ತದೆ.

ಸುಟ್ಟ ನಂತರವೂ ಲೋಹ ಉಳಿಯುವುದೇಕೆ

ಬೆಂಕಿಯು ರೋಗಾಣುಗಳನ್ನು ನಾಶಪಡಿಸುತ್ತದೆ, ಕಾಗದ, ಬಟ್ಟೆ, ಪ್ಲಾಸ್ಟಿಕ್‌ಗಳನ್ನು ಅನಿಲವಾಗಿ ಪರಿವರ್ತಿಸುತ್ತದೆ. ಆದರೆ ಲೋಹವು ಮೂಲಧಾತುವಾದುದರಿಂದ ಯಾವ ಉಷ್ಣಾಂಶದಲ್ಲಿಯೂ ಅದು ಇಲ್ಲವಾಗುವುದಿಲ್ಲ. ಒಂದು ಟನ್ ಕಸದಲ್ಲಿ ಇದ್ದ ಸೀಸವು ಸುಟ್ಟ ನಂತರ ಉಳಿದ ಕೆಲವು ನೂರು ಕಿಲೋಗ್ರಾಂ ಬೂದಿಯಲ್ಲಿ ಮತ್ತು ಹೊಗೆಯಲ್ಲಿ ಹಂಚಿಹೋಗಿರುತ್ತದೆ. ಸುಡುವಿಕೆಯಿಂದ ಪ್ರಮಾಣ ಕಡಿಮೆಯಾಗುವುದರಿಂದಲೇ ಲೋಹದ ಸಾಂದ್ರತೆ ಹೆಚ್ಚುತ್ತದೆ.

ಈ ಹಂಚಿಕೆಯು ಲೋಹದ ಕುದಿಯುವ ಬಿಂದುವನ್ನು ಅವಲಂಬಿಸಿರುತ್ತದೆ. ಪಾದರಸವು ಸುಮಾರು 357 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ಕ್ಯಾಡ್ಮಿಯಂ ಸುಮಾರು 767 ಡಿಗ್ರಿಯಲ್ಲಿಯೂ ಆವಿಯಾಗುತ್ತವೆ. ಸೀಸವು ತಾನಾಗಿ ಇಷ್ಟು ಬೇಗ ಆವಿಯಾಗದಿದ್ದರೂ, ಪಿ.ವಿ.ಸಿ. ಮುಂತಾದ ಕ್ಲೋರಿನ್‌ಯುಕ್ತ ವಸ್ತುಗಳು ಜೊತೆಯಲ್ಲಿದ್ದಾಗ ಸೀಸದ ಕ್ಲೋರೈಡ್ ಆಗಿ ಮಾರ್ಪಟ್ಟು ಸುಮಾರು 950 ಡಿಗ್ರಿಯಲ್ಲಿ ಆವಿಯಾಗುತ್ತದೆ. ಜೀವ ವೈದ್ಯಕೀಯ ತ್ಯಾಜ್ಯದ ಕುಲುಮೆಗಳಿಗೆ ನಿಯಮಗಳು ನಿಗದಿಪಡಿಸಿರುವ ಉಷ್ಣಾಂಶವು ಮೊದಲ ಕೋಣೆಯಲ್ಲಿ ಕನಿಷ್ಠ 800 ಡಿಗ್ರಿ, ಎರಡನೆಯ ಕೋಣೆಯಲ್ಲಿ 1050 ಡಿಗ್ರಿ (50 ಡಿಗ್ರಿ ಹೆಚ್ಚು ಅಥವಾ ಕಡಿಮೆ) ಆಗಿರುವುದರಿಂದ ಈ ಲೋಹಗಳು ಹೊಗೆಯೊಡನೆ ಮೇಲೇರುತ್ತವೆ. ಹೊಗೆ ತಣ್ಣಗಾದಾಗ ಅವು ಸೂಕ್ಷ್ಮ ಕಣಗಳ ಹೊರಮೈಯಲ್ಲಿ ಕೂಡಿಕೊಳ್ಳುತ್ತವೆ ಮತ್ತು ಶೋಧಕ ಚೀಲಗಳಲ್ಲಿ ಸಿಕ್ಕಿಬೀಳುತ್ತವೆ. ಹೊರಮೈಯಲ್ಲಿರುವ ಕಾರಣ ನೀರಿಗೆ ಸುಲಭವಾಗಿ ಸಿಗುತ್ತವೆ.

ಆದ್ದರಿಂದ ಕುಲುಮೆಯ ಬೂದಿಯಲ್ಲಿ ಎರಡು ಬಗೆಗಳಿರುತ್ತವೆ. ಕುಲುಮೆಯ ತಳದಲ್ಲಿ ಉಳಿಯುವ ಒರಟಾದ ತಳಬೂದಿ ಒಂದು. ಹೊಗೆ ಶುದ್ಧೀಕರಣ ಸಾಧನಗಳಲ್ಲಿ ಸಂಗ್ರಹವಾಗುವ ನುಣುಪಾದ ಹಾರುಬೂದಿ ಇನ್ನೊಂದು. ನಗರದ ಕಸವನ್ನು ಸುಟ್ಟಾಗ ಪ್ರತಿ 1000 ಕಿ.ಗ್ರಾಂಗೆ ಸಾಮಾನ್ಯವಾಗಿ 200ರಿಂದ 250 ಕಿ.ಗ್ರಾಂ ತಳಬೂದಿಯೂ, 20ರಿಂದ 40 ಕಿ.ಗ್ರಾಂ ಹಾರುಬೂದಿಯೂ ದೊರೆಯುತ್ತವೆ. ಪ್ರಮಾಣದಲ್ಲಿ ಚಿಕ್ಕದಾದ ಹಾರುಬೂದಿಯೇ ಹೆಚ್ಚು ಅಪಾಯಕಾರಿ. ಎರಡನ್ನೂ ಒಂದೇ ರಾಶಿಗೆ ಸುರಿಯುವುದರಿಂದ ಸುಲಭವಾಗಿ ನಿರ್ವಹಿಸಬಹುದಾದ ದೊಡ್ಡ ರಾಶಿಯೂ ಕೆಡುತ್ತದೆ.

ಲಕ್ಕೂರು ಭಾಗದಲ್ಲಿ ವಿಶೇಷ ಎಚ್ಚರಿಕೆ ಏಕೆ ಅಗತ್ಯ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇರುವುದಿಲ್ಲ. ದಕ್ಷಿಣ ಪಿನಾಕಿನಿಯು ಮಾಲೂರು ತಾಲ್ಲೂಕಿನ ಪಶ್ಚಿಮ ಭಾಗವನ್ನು ಹಾದು ತಮಿಳುನಾಡಿಗೆ ಹೋಗುತ್ತದೆಯಾದರೂ ಜನರು ಅವಲಂಬಿಸಿರುವುದು ಕೆರೆ ಮತ್ತು ಕೊಳವೆಬಾವಿಗಳನ್ನು. ನೆಲದಡಿ ಗಟ್ಟಿ ಬಂಡೆಯಿದ್ದು, ನೀರು ಬಿರುಕುಗಳ ಮೂಲಕ ಚಲಿಸುತ್ತದೆ. ಇಂತಹ ಬಿರುಕುಗಳಲ್ಲಿ ಸೇರಿದ ಮಾಲಿನ್ಯವು ಯಾವ ದಿಕ್ಕಿಗೆ, ಯಾರ ಕೊಳವೆಬಾವಿಗೆ ತಲುಪುತ್ತದೆ ಎಂದು ಮೇಲಿನಿಂದ ನೋಡಿ ಹೇಳುವುದು ಕಷ್ಟ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದ್ದು, ಅದರ ಉದ್ದೇಶವೇ ನೀರನ್ನು ನೆಲಕ್ಕೆ ಇಂಗಿಸುವುದಾಗಿರುತ್ತದೆ. ಕೆರೆಯಂಗಳದಲ್ಲಿ ಸುರಿದ ಬೂದಿಯಿಂದ ಕರಗಿದ ಲೋಹವೂ ಅದೇ ದಾರಿಯಲ್ಲಿ ಇಂಗುತ್ತದೆ.

ಇಟ್ಟಿಗೆ ಮತ್ತು ಹೆಂಚಿಗಾಗಿ ಮಣ್ಣು ತೆಗೆದ ಹಳ್ಳಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ಹಳ್ಳ ಮುಚ್ಚಲು ಯಾವ ವಸ್ತುವಾದರೂ ಆದೀತು ಎಂಬ ಭಾವನೆಯಿಂದ ಭೂಮಾಲೀಕರು ಬೂದಿಯ ಲೋಡುಗಳನ್ನು ಒಪ್ಪಿಕೊಳ್ಳುವ ಪ್ರಲೋಭನೆಗೆ ಒಳಗಾಗಬಹುದು. ಮೇಲಿನ ಮಣ್ಣಿನ ಪದರವನ್ನು ಈಗಾಗಲೇ ತೆಗೆದಿರುವ ಕಾರಣ ಇಂತಹ ಹಳ್ಳದ ತಳವು ಅಂತರ್ಜಲಕ್ಕೆ ಅಷ್ಟರ ಮಟ್ಟಿಗೆ ಹತ್ತಿರವಾಗಿರುತ್ತದೆ. ಬೂದಿ ಸುರಿಯಲು ಇದಕ್ಕಿಂತ ಅನುಚಿತವಾದ ಸ್ಥಳವಿಲ್ಲ.

ಇದೇ ಜಿಲ್ಲೆಯ ಕೋಲಾರ ಚಿನ್ನದ ಗಣಿ ಪ್ರದೇಶದ ಸೈನೈಡ್ ದಿಬ್ಬಗಳು ಜನರಿಗೆ ಪರಿಚಿತ. ಗಣಿಗಳು 2001ರಲ್ಲಿ ಮುಚ್ಚಿದ ನಂತರವೂ ಆ ದಿಬ್ಬಗಳು ಉಳಿದಿವೆ. ಅವು ಅದಿರಿನ ಪುಡಿಯೇ ಹೊರತು ದಹನದ ಬೂದಿಯಲ್ಲ. ಆದಾಗ್ಯೂ ಒಮ್ಮೆ ರಾಶಿ ಹಾಕಿದ ತ್ಯಾಜ್ಯವನ್ನು ಮರಳಿ ತೆಗೆಯುವುದು ಎಷ್ಟು ಕಷ್ಟ ಎಂಬುದನ್ನು ಈ ಜಿಲ್ಲೆಯವರಿಗೆ ಬೇರೆ ಉದಾಹರಣೆಯಿಂದ ತಿಳಿಸಬೇಕಾಗಿಲ್ಲ.

ಹೊರದೇಶದ ಒಂದು ಪ್ರಕರಣವನ್ನೂ ಗಮನಿಸಬಹುದು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಬೈಕರ್ ದಹನ ಘಟಕದ ಬೂದಿಯನ್ನು 1994ರಿಂದ 1999ರವರೆಗೆ ಸಾರ್ವಜನಿಕರು ತರಕಾರಿ ಬೆಳೆಯುವ ತೋಟಗಳ ಕಾಲುದಾರಿಗಳಿಗೆ ಹಾಸಲಾಗಿತ್ತು. ಅದರಲ್ಲಿ ತಳಬೂದಿಯೊಡನೆ ಹಾರುಬೂದಿಯೂ ಬೆರೆತಿತ್ತು. ಭಾರ ಲೋಹಗಳು ಮತ್ತು ಡಯಾಕ್ಸಿನ್‌ಗಳು ಪತ್ತೆಯಾದ ಬಳಿಕ ಬೂದಿಯನ್ನು ಅಗೆದು ತೆಗೆಯಬೇಕಾಯಿತು. ದುರುದ್ದೇಶವೇನೂ ಇರಲಿಲ್ಲ, ದಾರಿಯ ಕೆಸರು ತಪ್ಪಿಸಲು ಬೂದಿ ಉಪಯುಕ್ತವೆಂದು ಭಾವಿಸಲಾಗಿತ್ತು.

ಬಸಿಯುವಿಕೆ ಪರೀಕ್ಷೆ

ಬೂದಿಯಲ್ಲಿ ಒಟ್ಟು ಎಷ್ಟು ಲೋಹವಿದೆ ಎಂಬುದಕ್ಕಿಂತ, ನೀರು ತಾಗಿದಾಗ ಎಷ್ಟು ಹೊರಬರುತ್ತದೆ ಎಂಬುದು ಮುಖ್ಯ. ಇದನ್ನು ಅಳೆಯಲು ಟಿ.ಸಿ.ಎಲ್.ಪಿ. ಎಂಬ ಪರೀಕ್ಷೆಯನ್ನು ಅನುಸರಿಸಲಾಗುತ್ತದೆ. ಬೂದಿಯ ಮಾದರಿಗೆ ಅದರ ತೂಕದ 20 ಪಟ್ಟು ಅಸಿಟಿಕ್ ಆಮ್ಲದ ದ್ರಾವಣವನ್ನು ಸೇರಿಸಿ, ಮುಚ್ಚಿದ ಪಾತ್ರೆಯಲ್ಲಿ ನಿಮಿಷಕ್ಕೆ ಸುಮಾರು 30 ಸುತ್ತಿನಂತೆ ಸುಮಾರು 18 ಗಂಟೆಗಳ ಕಾಲ ತಿರುಗಿಸಿ, ಸೋಸಿದ ದ್ರವದಲ್ಲಿ ಲೋಹದ ಪ್ರಮಾಣವನ್ನು ಅಳೆಯಲಾಗುತ್ತದೆ. ಕಸದ ಭರ್ತಿ ತಾಣದೊಳಗಿನ ಹುಳಿಯಾದ ನೀರನ್ನು ಈ ಆಮ್ಲವು ಅನುಕರಿಸುತ್ತದೆ.

ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ (ನಿರ್ವಹಣೆ ಮತ್ತು ಗಡಿಯಾಚೆ ಸಾಗಾಣಿಕೆ) ನಿಯಮಗಳು, 2016ರ ಎರಡನೆಯ ಅನುಸೂಚಿಯ ಪ್ರಕಾರ ಪ್ರತಿ ಲೀಟರಿಗೆ ಸೀಸ 5 ಮಿ.ಗ್ರಾಂ, ಕ್ಯಾಡ್ಮಿಯಂ 1 ಮಿ.ಗ್ರಾಂ, ಕ್ರೋಮಿಯಂ 5 ಮಿ.ಗ್ರಾಂ, ಆರ್ಸೆನಿಕ್ 5 ಮಿ.ಗ್ರಾಂ, ಪಾದರಸ 0.2 ಮಿ.ಗ್ರಾಂ ಮಿತಿಯಾಗಿದ್ದು, ಇದನ್ನು ಮೀರಿದ ಬೂದಿಯನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಲಾಗುತ್ತದೆ.

ಅರ್ಜಿದಾರರಿಗೆ ಉಪಯುಕ್ತವಾದ ಒಂದು ಲೆಕ್ಕವಿದೆ. ದ್ರಾವಣವು 20 ಪಟ್ಟು ಇರುವುದರಿಂದ, ಬೂದಿಯ ಒಟ್ಟು ಲೋಹದ ಪ್ರಮಾಣವನ್ನು 20ರಿಂದ ಭಾಗಿಸಿದರೆ ಬರಬಹುದಾದ ಗರಿಷ್ಠ ಫಲಿತಾಂಶ ತಿಳಿಯುತ್ತದೆ. ಒಂದು ಕಿ.ಗ್ರಾಂ ಬೂದಿಯಲ್ಲಿ ಒಟ್ಟು ಸೀಸ 100 ಮಿ.ಗ್ರಾಂಗಿಂತ ಕಡಿಮೆಯಿದ್ದರೆ, ಪೂರ್ತಿ ಕರಗಿದರೂ ಈ ಪರೀಕ್ಷೆಯಲ್ಲಿ 5 ಮಿ.ಗ್ರಾಂ ಮೀರಲಾರದು. ಕ್ಯಾಡ್ಮಿಯಂಗೆ ಈ ಸಂಖ್ಯೆ 20, ಪಾದರಸಕ್ಕೆ 4.

ಪರೀಕ್ಷೆಯಲ್ಲಿ ತೇರ್ಗಡೆಯಾದ ಬೂದಿ ಕುಡಿಯುವ ನೀರಿಗೆ ನಿರಪಾಯಕಾರಿ ಎಂದು ಭಾವಿಸತಕ್ಕದ್ದಲ್ಲ. ಭಾರತೀಯ ಮಾನಕ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಅಂದರೆ ಪರೀಕ್ಷೆಯ ಮಿತಿಯು ಕುಡಿಯುವ ನೀರಿನ ಮಿತಿಯ 500 ಪಟ್ಟು. ಬೂದಿಯು ಯಾವ ಬಗೆಯ ಭರ್ತಿ ತಾಣಕ್ಕೆ ಹೋಗಬೇಕು ಎಂಬುದನ್ನು ನಿರ್ಧರಿಸಲು ಈ ಪರೀಕ್ಷೆಯೇ ಹೊರತು, ಬಾವಿಯ ಪಕ್ಕದಲ್ಲಿ ಸುರಿಯಲು ಅನುಮತಿ ನೀಡುವುದಕ್ಕಲ್ಲ. ಪ್ರಯೋಗಾಲಯದ ವರದಿಯನ್ನು ತೋರಿಸಿ ಬೂದಿಯನ್ನು ಹೊಲಕ್ಕೆ ಹಾಕಿಸಲು ಯಾರಾದರೂ ಮುಂದಾದಲ್ಲಿ ರೈತರು ಈ ವ್ಯತ್ಯಾಸವನ್ನು ನೆನಪಿಡುವುದು ಸೂಕ್ತ.

ಸಂಸ್ಕರಣಾ ವಿಧಾನಗಳು

ಬೂದಿಯ ಸಂಸ್ಕರಣೆಯು ಕುಲುಮೆಗೆ ತ್ಯಾಜ್ಯ ಹಾಕುವ ಮೊದಲೇ ಆರಂಭವಾಗುತ್ತದೆ. ಒಡೆದ ಪಾದರಸದ ಥರ್ಮಾಮೀಟರ್, ಟ್ಯೂಬ್‌ಲೈಟ್, ಬ್ಯಾಟರಿ, ಬಣ್ಣದ ಡಬ್ಬಿ ಹಾಗೂ ಪಿ.ವಿ.ಸಿ. ವಸ್ತುಗಳನ್ನು ಬೇರ್ಪಡಿಸಿದಲ್ಲಿ ಬೂದಿಯಲ್ಲಿ ಲೋಹವೇ ಕಡಿಮೆಯಾಗುತ್ತದೆ. ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕನ್ನು ಸುಡುವುದನ್ನು ಜೀವ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ನಿಷೇಧಿಸಿರುತ್ತವೆ. ಲಕ್ಕೂರಿನ ಒಂದು ಚಿಕ್ಕ ಚಿಕಿತ್ಸಾಲಯದಲ್ಲಿ ಹಳದಿ ಚೀಲಕ್ಕೆ ಏನನ್ನು ಹಾಕಲಾಗುತ್ತದೆ ಎಂಬುದು ದೂರದ ಕುಲುಮೆಯ ಬೂದಿಯ ಗುಣವನ್ನು ನಿರ್ಧರಿಸುತ್ತದೆ.

ನಂತರದ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಮೆಂಟಿನೊಡನೆ ಘನೀಕರಣ. ಬೂದಿಗೆ ಸಿಮೆಂಟ್ ಮತ್ತು ನೀರು ಬೆರೆಸಿ ಗಟ್ಟಿಯಾಗಿಸಿದಾಗ ಕಣಗಳು ಬಂಧಿತವಾಗುತ್ತವೆ, ನೀರು ಒಳಹೋಗುವ ದಾರಿ ಕಿರಿದಾಗುತ್ತದೆ, ಕ್ಷಾರತೆಯಿಂದ ಹಲವು ಲೋಹಗಳು ಕರಗದ ಹೈಡ್ರಾಕ್ಸೈಡ್‌ಗಳಾಗುತ್ತವೆ. ಆದರೆ ಸೀಸ ಮತ್ತು ಸತುವಿನ ಸಂಯುಕ್ತಗಳು ಸಿಮೆಂಟ್ ಗಟ್ಟಿಯಾಗುವುದನ್ನು ನಿಧಾನಗೊಳಿಸುತ್ತವೆ. ಹಾರುಬೂದಿಯಲ್ಲಿರುವ ಕ್ಲೋರೈಡ್ ಲವಣಗಳು ಕಾಲಕ್ರಮೇಣ ಕರಗಿಹೋಗಿ ಗಟ್ಟಿಯಲ್ಲಿ ರಂಧ್ರಗಳನ್ನು ಬಿಡುತ್ತವೆ. ಇದನ್ನು ತಪ್ಪಿಸಲು ಕೆಲವೆಡೆ ಬೂದಿಯನ್ನು ಮೊದಲು ನೀರಿನಲ್ಲಿ ತೊಳೆಯಲಾಗುತ್ತದೆ. ತೊಳೆದ ನೀರಿಗೂ ಲೋಹ ಸೇರುವುದರಿಂದ ಅದನ್ನು ಪ್ರತ್ಯೇಕವಾಗಿ ಸಂಸ್ಕರಿಸುವುದು ಕಡ್ಡಾಯ. ಚರಂಡಿಗೆ ಬಿಟ್ಟಲ್ಲಿ ತೊಳೆದ ಪ್ರಯೋಜನವೇ ಇಲ್ಲ.

ಕ್ಷಾರತೆಯ ವಿಷಯದಲ್ಲಿ ಸಾಮಾನ್ಯ ತಪ್ಪು ತಿಳಿವಳಿಕೆಯೊಂದಿದೆ. ಸುಣ್ಣ ಹೆಚ್ಚಾದಷ್ಟೂ ಲೋಹ ಭದ್ರ ಎಂದು ಭಾವಿಸಲಾಗುತ್ತದೆ. ಸೀಸವು ಆಮ್ಲದಲ್ಲಿಯೂ ಕರಗುತ್ತದೆ, ಅತಿ ಕ್ಷಾರದಲ್ಲಿಯೂ ಕರಗುತ್ತದೆ; ಪಿ.ಎಚ್. 8ರಿಂದ 10ರ ಆಸುಪಾಸಿನಲ್ಲಿ ಮಾತ್ರ ಅದರ ಕರಗುವಿಕೆ ಅತ್ಯಂತ ಕಡಿಮೆ. ಹೊಗೆಯ ಆಮ್ಲಾಂಶ ಹೀರಲು ಸುಣ್ಣ ಬಳಸುವ ಘಟಕಗಳ ಹಾರುಬೂದಿಯಲ್ಲಿ ಪಿ.ಎಚ್. 12ನ್ನು ತಲುಪುವುದುಂಟು. ಅಂತಹ ಬೂದಿಗೆ ಮಳೆನೀರು ಬಿದ್ದರೂ ಸೀಸ ಹೊರಬರುತ್ತದೆ. ಇದಕ್ಕೆ ಮತ್ತಷ್ಟು ಸುಣ್ಣ ಬೆರೆಸುವುದು ಪರಿಹಾರವಲ್ಲ.

ಸೀಸಕ್ಕೆ ಪರಿಣಾಮಕಾರಿಯಾದುದು ಫಾಸ್ಫೇಟ್ ಚಿಕಿತ್ಸೆ. ಫಾಸ್ಫಾರಿಕ್ ಆಮ್ಲ ಅಥವಾ ಕರಗುವ ಫಾಸ್ಫೇಟ್ ಲವಣವನ್ನು ತೇವದ ಬೂದಿಗೆ ಬೆರೆಸಿದಾಗ ಸೀಸವು ಪೈರೋಮಾರ್ಫೈಟ್ ವರ್ಗದ ಖನಿಜವಾಗಿ ಬದಲಾಗುತ್ತದೆ. ಈ ಖನಿಜವು ಪ್ರಕೃತಿಯಲ್ಲಿಯೂ ದೊರೆಯುತ್ತದೆ ಮತ್ತು ನೀರಿನಲ್ಲಿ ಕರಗುವುದು ಅತ್ಯಲ್ಪ. ಇಲ್ಲಿ ಬೂದಿ ಗಟ್ಟಿಯಾಗುವುದಿಲ್ಲ, ಲೋಹದ ರಾಸಾಯನಿಕ ರೂಪವಷ್ಟೇ ಬದಲಾಗುತ್ತದೆ. ಆದ್ದರಿಂದ ತೂಕ ಹೆಚ್ಚೇನೂ ಏರುವುದಿಲ್ಲ. ಪಾದರಸ ಮತ್ತು ಕ್ಯಾಡ್ಮಿಯಂಗೆ ಸಲ್ಫೈಡ್ ಸಂಯುಕ್ತಗಳು ಹೆಚ್ಚು ಸೂಕ್ತ. ಆರು ವೇಲೆನ್ಸಿಯ ಕ್ರೋಮಿಯಂ ಇದ್ದಲ್ಲಿ ಮೊದಲು ಫೆರಸ್ ಸಲ್ಫೇಟ್‌ನಿಂದ ಅದನ್ನು ಮೂರು ವೇಲೆನ್ಸಿಗೆ ಇಳಿಸಬೇಕಾಗುತ್ತದೆ. ಒಂದೇ ಔಷಧ ಎಲ್ಲ ಲೋಹಗಳಿಗೂ ಆಗದು. ಆದುದರಿಂದಲೇ ಪ್ರತಿ ಘಟಕದ ಬೂದಿಯನ್ನು ಮೊದಲು ವಿಶ್ಲೇಷಿಸಿ, ನಂತರ ಮಿಶ್ರಣದ ಪ್ರಮಾಣವನ್ನು ನಿರ್ಧರಿಸಲಾಗುತ್ತದೆ.

ತಳಬೂದಿಯನ್ನು ನೀರು ಬಸಿಯದ ನೆಲಗಟ್ಟಿನ ಮೇಲೆ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಹದವಾಗಲು ಬಿಡುವ ಕ್ರಮ ಯೂರೋಪಿನಲ್ಲಿದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬೂದಿಯ ಪಿ.ಎಚ್. ಇಳಿಯುತ್ತದೆ, ಸೀಸದ ಬಸಿಯುವಿಕೆ ತಗ್ಗುತ್ತದೆ. ಜಪಾನಿನಲ್ಲಿ ಬೂದಿಯನ್ನು 1300 ಡಿಗ್ರಿಗೂ ಮೇಲ್ಪಟ್ಟ ಉಷ್ಣಾಂಶದಲ್ಲಿ ಕರಗಿಸಿ ಗಾಜಿನಂತಾಗಿಸುವ ಘಟಕಗಳನ್ನು ಸ್ಥಾಪಿಸಲಾಗಿತ್ತು. ಫಲಿತಾಂಶ ಉತ್ತಮ, ಆದರೆ ಇಂಧನದ ವೆಚ್ಚ ಅತಿ ಹೆಚ್ಚು.

ಬೂದಿಗೆ ಬೇಕಾಬಿಟ್ಟಿ ಸಿಮೆಂಟ್ ಅಥವಾ ಮಣ್ಣು ಬೆರೆಸಿ ಪರೀಕ್ಷೆಯ ಸಂಖ್ಯೆಯನ್ನು ಇಳಿಸುವುದು ಸಂಸ್ಕರಣೆಯಲ್ಲ, ದುರ್ಬಲಗೊಳಿಸುವಿಕೆ ಮಾತ್ರ. ಅರ್ಧದಷ್ಟು ಮಣ್ಣು ಬೆರೆಸಿದರೆ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ನೆಲಕ್ಕೆ ಹೋಗುವ ಲೋಹದ ಒಟ್ಟು ಪ್ರಮಾಣ ಇದ್ದಷ್ಟೇ ಇರುತ್ತದೆ.

ಬೂದಿಯ ಅಂತಿಮ ವಿಲೇವಾರಿ

ಅಪಾಯಕಾರಿ ತ್ಯಾಜ್ಯವನ್ನು ಸುಟ್ಟ ಕುಲುಮೆಯ ಬೂದಿ ಹಾಗೂ ಹೊಗೆ ಶುದ್ಧೀಕರಣದ ಶೇಷವನ್ನು 2016ರ ನಿಯಮಗಳ ಮೊದಲನೆಯ ಅನುಸೂಚಿಯ ಕ್ರಮಸಂಖ್ಯೆ 37ರಲ್ಲಿಯೇ ಹೆಸರಿಸಲಾಗಿದೆ. ಜೀವ ವೈದ್ಯಕೀಯ ತ್ಯಾಜ್ಯದ ಬೂದಿಯಲ್ಲಿ ವಿಷಕಾರಿ ಅಂಶಗಳು ಮಿತಿ ಮೀರಿದ್ದಲ್ಲಿ ಅದನ್ನೂ ಅಪಾಯಕಾರಿ ತ್ಯಾಜ್ಯ ಸಂಸ್ಕರಣೆ, ಸಂಗ್ರಹಣೆ ಮತ್ತು ವಿಲೇವಾರಿ ಕೇಂದ್ರಕ್ಕೆ ಕಳುಹಿಸತಕ್ಕದ್ದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೂ ನಗರದ ಕಸದ ಬೂದಿಗೆ ಇದೇ ತತ್ವವನ್ನು ಅಳವಡಿಸಲಾಗಿತ್ತು. ರಾಜ್ಯದಲ್ಲಿ ಇಂತಹ ಕೇಂದ್ರವನ್ನು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ ಸ್ಥಾಪಿಸಲಾಗಿದೆ. ಇಂತಹ ಸುರಕ್ಷಿತ ಭರ್ತಿ ತಾಣದ ತಳದಲ್ಲಿ ಜೇಡಿಮಣ್ಣು ಮತ್ತು ಪ್ಲಾಸ್ಟಿಕ್ ಹಾಳೆಯ ಪದರಗಳಿದ್ದು, ಬಸಿನೀರನ್ನು ಕೊಳವೆಗಳ ಮೂಲಕ ಸಂಗ್ರಹಿಸಿ ಸಂಸ್ಕರಿಸಲಾಗುತ್ತದೆ.

ಅರ್ಜಿ ಸಲ್ಲಿಸುವ ವಿಧಾನ

ಅಪಾಯಕಾರಿ ಬೂದಿಯನ್ನು ಉತ್ಪಾದಿಸುವ ಘಟಕದ ಅಧಿಭೋಗದಾರರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ನಮೂನೆ 1ರಲ್ಲಿ ಅಧಿಕಾರ ಪತ್ರಕ್ಕಾಗಿ ಅರ್ಜಿ ಸಲ್ಲಿಸತಕ್ಕದ್ದು. ಜಲ ಕಾಯ್ದೆ, 1974 ಮತ್ತು ವಾಯು ಕಾಯ್ದೆ, 1981ರಡಿ ಪಡೆದ ಸ್ಥಾಪನಾ ಸಮ್ಮತಿ ಹಾಗೂ ಕಾರ್ಯಾಚರಣೆ ಸಮ್ಮತಿ ಪತ್ರಗಳ ಪ್ರತಿಗಳನ್ನು ಲಗತ್ತಿಸುವುದು. ನವೀಕರಣವಾದಲ್ಲಿ ಹಿಂದಿನ ಷರತ್ತುಗಳ ಪಾಲನೆಯ ಬಗ್ಗೆ ಸ್ವಯಂ ದೃಢೀಕೃತ ವರದಿಯೂ ಬೇಕಾಗುತ್ತದೆ. ಎಲ್ಲ ರೀತಿಯಲ್ಲಿ ಪೂರ್ಣವಾದ ಅರ್ಜಿಯ ಮೇಲೆ 120 ದಿನಗಳೊಳಗೆ ತೀರ್ಮಾನವಾಗಬೇಕಿದ್ದು, ಅಧಿಕಾರ ಪತ್ರವು 5 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ಮಂಡಳಿಯ ಆದೇಶದಿಂದ ಬಾಧಿತರಾದವರು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಬೂದಿಯನ್ನು ಘಟಕದಲ್ಲಿ ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಇಡುವ ಸ್ಥಳಕ್ಕೆ ಛಾವಣಿ ಮತ್ತು ನೀರು ಇಂಗದ ನೆಲ ಇರತಕ್ಕದ್ದು. ಸಾಗಾಣಿಕೆಯ ಸಮಯದಲ್ಲಿ ನಮೂನೆ 10ರ ಮ್ಯಾನಿಫೆಸ್ಟ್ ಪತ್ರ ಕಡ್ಡಾಯ. ಇದು ಏಳು ಬಣ್ಣದ ಪ್ರತಿಗಳಲ್ಲಿರುತ್ತದೆ: ಬಿಳಿ ಪ್ರತಿ ಮಂಡಳಿಗೆ, ಹಳದಿ ಕಳುಹಿಸುವವರಲ್ಲಿ, ಗುಲಾಬಿ ಸ್ವೀಕರಿಸುವವರಲ್ಲಿ, ಕಿತ್ತಳೆ ಸಾಗಣೆದಾರರಿಗೆ, ಹಸಿರು ಸ್ವೀಕರಿಸುವವರಿಂದ ಮಂಡಳಿಗೆ, ನೀಲಿ ಸ್ವೀಕರಿಸುವವರಿಂದ ಮರಳಿ ಕಳುಹಿಸಿದವರಿಗೆ, ಬೂದು ಬಣ್ಣದ್ದು ಹೊರರಾಜ್ಯದಿಂದ ಬಂದ ತ್ಯಾಜ್ಯವಾದಲ್ಲಿ ಆ ರಾಜ್ಯದ ಮಂಡಳಿಗೆ. ನೀಲಿ ಪ್ರತಿ ಮರಳಿ ಬಾರದಿದ್ದಲ್ಲಿ ಬೂದಿ ಎಲ್ಲಿಗೆ ಹೋಯಿತು ಎಂದು ವಿಚಾರಿಸುವುದು ಕಳುಹಿಸಿದವರ ಹಿತದೃಷ್ಟಿಯಿಂದಲೇ ಒಳ್ಳೆಯದು. ವಾರ್ಷಿಕ ವಿವರಣೆಯನ್ನು ನಮೂನೆ 4ರಲ್ಲಿ ಪ್ರತಿ ವರ್ಷ ಜೂನ್ 30ರೊಳಗೆ ಸಲ್ಲಿಸತಕ್ಕದ್ದು.

ಆಸ್ಪತ್ರೆ, ನರ್ಸಿಂಗ್ ಹೋಂ ಮತ್ತು ಚಿಕಿತ್ಸಾಲಯಗಳು ಜೀವ ವೈದ್ಯಕೀಯ ತ್ಯಾಜ್ಯದ ಅಧಿಕಾರ ಪತ್ರಕ್ಕೆ ಪ್ರತ್ಯೇಕ ನಿಯಮಗಳಡಿ ನಮೂನೆ 2ರಲ್ಲಿ ಅರ್ಜಿ ಸಲ್ಲಿಸಬೇಕು. 75 ಕಿ.ಮೀ. ದೂರದೊಳಗೆ ಸಾಮೂಹಿಕ ಸಂಸ್ಕರಣಾ ಕೇಂದ್ರದ ಸೇವೆ ಲಭ್ಯವಿದ್ದಲ್ಲಿ ಆಸ್ಪತ್ರೆಯು ಸ್ವಂತ ಕುಲುಮೆಯನ್ನು ಸ್ಥಾಪಿಸುವಂತಿಲ್ಲ.

ಇಟ್ಟಿಗೆ ಮತ್ತು ಹೆಂಚು ತಯಾರಕರ ವಿಶೇಷ ಗಮನಕ್ಕೆ

ಹಾರುಬೂದಿ ಇಟ್ಟಿಗೆಗೆ ಸರ್ಕಾರದ ಪ್ರೋತ್ಸಾಹವಿದೆ ಎಂಬುದು ನಿಜ. ಆದರೆ 1999ರ ಮತ್ತು 2021ರ ಕೇಂದ್ರ ಅಧಿಸೂಚನೆಗಳಲ್ಲಿ ಹೇಳಿರುವುದು ರಾಯಚೂರಿನಂತಹ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ಅಥವಾ ಲಿಗ್ನೈಟ್ ಉರಿಸಿದ ಬೂದಿಯನ್ನು ಕುರಿತು. ತ್ಯಾಜ್ಯ ದಹನದ ಹಾರುಬೂದಿಗೆ ಹೆಸರು ಒಂದೇ ಆದರೂ ಆ ಅಧಿಸೂಚನೆಗಳು ಅನ್ವಯಿಸುವುದಿಲ್ಲ. ಅಪಾಯಕಾರಿ ತ್ಯಾಜ್ಯವನ್ನು ಕಚ್ಚಾವಸ್ತುವಾಗಿ ಬಳಸಲು 2016ರ ನಿಯಮಗಳ ನಿಯಮ 9ರಡಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಗಳಿಗೆ ಅನುಸಾರವಾಗಿ, ರಾಜ್ಯ ಮಂಡಳಿಯ ಅಧಿಕಾರ ಪತ್ರ ಪಡೆಯತಕ್ಕದ್ದು. ಗೂಡಿನಲ್ಲಿ ಸುಡುವಾಗ ಆವಿಯಾಗುವ ಸೀಸ, ಕ್ಯಾಡ್ಮಿಯಂಗಳನ್ನು ಹಿಡಿಯುವ ಸಾಧನ ಸಾಮಾನ್ಯ ಇಟ್ಟಿಗೆ ಗೂಡುಗಳಲ್ಲಿ ಇರುವುದಿಲ್ಲ. ಅದನ್ನು ಮೊದಲು ಉಸಿರಾಡುವವರು ಗೂಡಿನ ಕೆಲಸಗಾರರು ಮತ್ತು ಅಲ್ಲಿಯೇ ವಾಸಿಸುವ ಅವರ ಮಕ್ಕಳು.

ಸೌದೆ, ಭತ್ತದ ಹೊಟ್ಟು ಮುಂತಾದ ಕೃಷಿ ಶೇಷಗಳನ್ನು ಮಾತ್ರ ಉರಿಸಿದ ಬೂದಿಯು ಈ ಪುಟದಲ್ಲಿ ಹೇಳಿದ ದಹನ ಕುಲುಮೆಯ ಬೂದಿಯಲ್ಲ. ಬಣ್ಣ ಬಳಿದ ಹಳೆಯ ಮರ, ಟೈರು ಅಥವಾ ಪ್ಲಾಸ್ಟಿಕ್ ಸೇರಿಸಿ ಉರಿಸಿದಲ್ಲಿ ಈ ಮಾತು ಅನ್ವಯಿಸುವುದಿಲ್ಲ.

ಸಾರ್ವಜನಿಕರು ದೂರು ನೀಡುವ ಬಗ್ಗೆ

ಕೆರೆಯಂಗಳ, ಮಣ್ಣಿನ ಹಳ್ಳ, ರಸ್ತೆ ಬದಿ ಅಥವಾ ಹೊಲಗಳಲ್ಲಿ ಅನುಮಾನಾಸ್ಪದ ಬೂದಿ ಕಂಡುಬಂದಲ್ಲಿ ಗ್ರಾಮ ಪಂಚಾಯಿತಿಗೂ, ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಲಾರ ಪ್ರಾದೇಶಿಕ ಕಚೇರಿಗೂ ಲಿಖಿತ ದೂರು ಸಲ್ಲಿಸಬಹುದು. ಸ್ಥಳದ ಸರ್ವೆ ನಂಬರು, ಬೂದಿ ಸುರಿದ ದಿನಾಂಕ, ವಾಹನದ ನೋಂದಣಿ ಸಂಖ್ಯೆ ಹಾಗೂ ಛಾಯಾಚಿತ್ರ ಇದ್ದಲ್ಲಿ ಕ್ರಮಕ್ಕೆ ಅನುಕೂಲ. ಬೂದಿಯನ್ನು ಬರಿಗೈಯಿಂದ ಮುಟ್ಟುವುದಾಗಲಿ, ಗುಡಿಸಿ ತೆಗೆಯುವುದಾಗಲಿ, ಮಾದರಿಯೆಂದು ಮನೆಗೆ ಒಯ್ಯುವುದಾಗಲಿ ಮಾಡಬಾರದು. ಪರೀಕ್ಷೆಗೆ ಮಾದರಿ ತೆಗೆಯುವುದು ಅಧಿಕಾರಿಗಳ ಕೆಲಸ. ಗಾಳಿಗೆ ಹಾರದಂತೆ ಟಾರ್ಪಾಲಿನ್ ಹೊದಿಸಬಹುದು; ನೀರು ಹಾಯಿಸಬಾರದು, ಏಕೆಂದರೆ ಬಸಿಯುವಿಕೆ ಅಲ್ಲಿಂದಲೇ ಆರಂಭವಾಗುತ್ತದೆ. ದನಕರುಗಳನ್ನು ಆ ಸ್ಥಳದಿಂದ ದೂರವಿಡುವುದು.

ಪರಿಸರ (ಸಂರಕ್ಷಣೆ) ಕಾಯ್ದೆ, 1986ರ ಪ್ರಕರಣ 15ಕ್ಕೆ 2023ರ ಜನ ವಿಶ್ವಾಸ ಕಾಯ್ದೆಯಿಂದ ತಿದ್ದುಪಡಿಯಾಗಿದ್ದು, ಉಲ್ಲಂಘನೆಗೆ ಹತ್ತು ಸಾವಿರ ರೂಪಾಯಿಗಳಿಂದ ಹದಿನೈದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿರುತ್ತದೆ. ಇದಲ್ಲದೆ, ಪರಿಸರಕ್ಕೆ ಅಥವಾ ಮೂರನೆಯವರಿಗೆ ಉಂಟಾದ ಹಾನಿಗೆ ಅಧಿಭೋಗದಾರರು, ಸಾಗಣೆದಾರರು ಮತ್ತು ಕೇಂದ್ರದ ನಿರ್ವಾಹಕರು ಹೊಣೆಗಾರರಾಗಿರುತ್ತಾರೆ.

ಯಾವುದೇ ಘಟಕಕ್ಕೆ ನೀಡಲಾದ ಅಧಿಕಾರ ಪತ್ರ, ಅದರ ಷರತ್ತುಗಳು ಮತ್ತು ಬೂದಿಯ ಪರೀಕ್ಷಾ ವರದಿಗಳ ಪ್ರತಿಗಳನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಅರ್ಜಿ ಶುಲ್ಕದೊಂದಿಗೆ ಕೋರಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇರುವುದಿಲ್ಲ. ಅರ್ಜಿಯಲ್ಲಿ ಘಟಕದ ಹೆಸರು, ಗ್ರಾಮ ಹಾಗೂ ವರದಿಯ ವರ್ಷವನ್ನು ಸ್ಪಷ್ಟವಾಗಿ ನಮೂದಿಸುವುದು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅದೇ ಕಚೇರಿಯ ಮೊದಲ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಲು ಅವಕಾಶವಿರುತ್ತದೆ.